ಬಿಟಿ ಹರಳಿನ ವಿಷ: ಅಳತೆ ತಾಳೆಯಾಗದಿದ್ದರೆ ಎಲ್ಲಿಂದ ಹುಡುಕಬೇಕು

ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಹುಳುಗಳನ್ನು ಕೊಲ್ಲುವ ವಿಷವನ್ನು ಹರಳಾಗಿ ಕಟ್ಟುವ ಬ್ಯಾಕ್ಟೀರಿಯ. ಒಂದೇ ಟ್ಯೂಬಿನಲ್ಲಿ ಅದರ ಮಾದರಿ ಇದೆ ಅನ್ನಿ. ಬ್ರಾಡ್‌ಫರ್ಡ್ ಅನ್ನುವ ಬಣ್ಣದ ಪರೀಕ್ಷೆಯಲ್ಲಿ ಅಳೆದರೆ ಮಿಲಿಲೀಟರಿಗೆ 2 ಮಿಲಿಗ್ರಾಂ ಬರುತ್ತದೆ. ಆ್ಯಂಟಿಬಾಡಿ, ಅಂದರೆ ಒಂದೇ ಬಗೆಯ ಅಣುವನ್ನು ಹಿಡಿಯುವ ಪ್ರೋಟೀನು ಬಳಸುವ ಎಲಿಸಾ ಪರೀಕ್ಷೆಯಲ್ಲಿ ಅಳೆದರೆ 0.3. ಹುಳುಗಳಿಗೆ ತಿನ್ನಿಸಿ ನೋಡಿದರೆ ಈ ಎರಡಕ್ಕೂ ಹೊಂದದ ಮತ್ತೊಂದು ಲೆಕ್ಕ. ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಹೆಚ್ಚಿನವರು ಇಲ್ಲಿಗೆ ಬಂದು ನಿಂತಿರುತ್ತಾರೆ. ಯಾವುದನ್ನು ನಂಬೋದು?

ಗಾಬರಿ ಬೇಡ. ಮೂರೂ ಸರಿಯಿರಬಹುದು. ಬ್ರಾಡ್‌ಫರ್ಡ್ ಸಿಕ್ಕ ಪ್ರೋಟೀನನ್ನೆಲ್ಲ ಎಣಿಸುತ್ತದೆ, ಅದು ವಿಷವೋ ಬೀಜಕಣದ (ಬ್ಯಾಕ್ಟೀರಿಯ ಕಷ್ಟಕಾಲಕ್ಕೆ ಕಟ್ಟುವ ಗಟ್ಟಿ ಕಣ, ಸ್ಪೋರ್) ಕವಚವೋ ಅಂತ ಕೇಳುವುದಿಲ್ಲ. ಎಲಿಸಾ ತನ್ನ ಆ್ಯಂಟಿಬಾಡಿ ಗುರುತಿಸಿದ್ದನ್ನು ಮಾತ್ರ ಎಣಿಸುತ್ತದೆ, ಅದೂ ನೀರಿನಲ್ಲಿ ಕರಗಿದ್ದರೆ ಮಾತ್ರ. ಹುಳು ಇನ್ನೂ ಕೆಲಸ ಮಾಡುವ ವಿಷವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಉಪಕರಣವನ್ನು ಬೈಯುವ ಮೊದಲು, ವಿಷ ಯಾವ ಹಂತದಲ್ಲಿ ಕಳೆದುಹೋಯಿತು ಅಂತ ಹುಡುಕಬೇಕು. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಅಳೆಯುವ ಹಂತದಲ್ಲಿ ಇರುವುದಿಲ್ಲ, ಕರಗಿಸುವ ಹಂತದಲ್ಲಿರುತ್ತದೆ. ಅದಕ್ಕೇ ಈ ಬರಹದಲ್ಲಿ ಆ ಭಾಗ ಜಾಸ್ತಿ ಇದೆ.

ಅಳೆಯುತ್ತಿರುವುದು ಏನನ್ನು?

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬೀಜಕಣ ಕಟ್ಟುವಾಗ ಅದರ ಪಕ್ಕದಲ್ಲೇ ಪ್ರೋಟೀನಿನ ಒಂದು ಹರಳನ್ನೂ ಕಟ್ಟುತ್ತದೆ. 1901ರಲ್ಲಿ ಜಪಾನಿನ ಇಶಿವಾಟಾ ಶಿಗೆತಾನೆ ಈ ಬ್ಯಾಕ್ಟೀರಿಯವನ್ನು ಮೊದಲು ಕಂಡದ್ದು ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಆ ಹರಳನ್ನು ಕ್ಷಾರದಲ್ಲಿ ಕರಗಿಸಿ ಕೊಟ್ಟರೆ ರೇಷ್ಮೆಹುಳುವಿಗೆ ಲಕ್ವ ಹೊಡೆಯುತ್ತದೆ ಎಂದು 1954ರಲ್ಲಿ ಆಂಗಸ್ ತೋರಿಸಿದರು. ಕ್ಷಾರ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬರುತ್ತದೆ.

ಹರಳಿನ ಪ್ರೋಟೀನುಗಳಿಗೆ ಕ್ರೈ ಅಂತ ಹೆಸರು, ಗುಂಪಿಗೊಂದು ಸಂಖ್ಯೆ. ಕ್ರೈ1 ಗುಂಪಿನ ಹರಳಿನಲ್ಲಿರುವುದು ಸುಮಾರು 130 ಕಿಲೋಡಾಲ್ಟನ್ ತೂಕದ ಪ್ರೋಟಾಕ್ಸಿನ್. ಅದು ನೇರವಾಗಿ ಕೊಲ್ಲುವುದಿಲ್ಲ. ಹುಳುವಿನ ಕರುಳಿನ ಕ್ಷಾರದಲ್ಲಿ ಕರಗಿ, ಅಲ್ಲಿನ ಕಿಣ್ವಗಳು ಅದನ್ನು ಕತ್ತರಿಸಿ, ಉಳಿಯುವ ಸುಮಾರು 60–65 ಕಿಲೋಡಾಲ್ಟನ್ನಿನ ತುಂಡೇ ನಿಜವಾದ ವಿಷ.

ಇಲ್ಲೇ ಒಂದು ಸುಳ್ಳು ದೋಷ ಹುಟ್ಟಿಕೊಳ್ಳುತ್ತದೆ. 1 ಮಿಲಿಗ್ರಾಂ ಪ್ರೋಟಾಕ್ಸಿನ್ ತೆಗೆದುಕೊಂಡು ಟ್ರಿಪ್ಸಿನ್ ಕಿಣ್ವ ಹಾಕಿ ಕತ್ತರಿಸಿದರೆ ಕೊನೆಗೆ ಸಿಗುವುದು ಹೆಚ್ಚೆಂದರೆ ಅರ್ಧ ಮಿಲಿಗ್ರಾಂ. ಅರ್ಧಭಾಗ ಹೋಯಿತು ಅಂತ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಅರ್ಧ ಹೋಗಲೇಬೇಕು, ಅಣುವಿನ ಅರ್ಧವನ್ನೇ ಕತ್ತರಿಸಿ ತೆಗೆದಿದ್ದೀರಿ, ಅಲ್ವಾ? ಫಲಿತಾಂಶ ಬರೆಯುವಾಗ ಪ್ರೋಟಾಕ್ಸಿನ್ನೋ ಕತ್ತರಿಸಿದ ವಿಷವೋ ಅನ್ನುವುದನ್ನು ಪಕ್ಕದಲ್ಲೇ ಬರೆಯಿರಿ. ಎಷ್ಟೋ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಮೊದಲು ಸೂಕ್ಷ್ಮದರ್ಶಕ

ಯಾವ ರಾಸಾಯನಿಕ ಪರೀಕ್ಷೆಗೂ ಮೊದಲು ಒಂದು ಹನಿಯನ್ನು ಫೇಸ್ ಕಾಂಟ್ರಾಸ್ಟ್‌ನಲ್ಲಿ ನೋಡಿ. ಬೀಜಕಣಗಳು ಹೊಳೆಯುವ ಮೊಟ್ಟೆಗಳ ಹಾಗೆ ಕಾಣುತ್ತವೆ. ಹರಳುಗಳು ಅಷ್ಟು ಹೊಳೆಯುವುದಿಲ್ಲ, ಮಂಕಾಗಿರುತ್ತವೆ. ಕ್ರೈ1 ಹರಳಿಗೆ ಎರಡು ಪಿರಮಿಡ್‌ಗಳ ಬುಡ ಅಂಟಿಸಿದಂಥ ಆಕಾರ. ಕ್ರೈ2 ಹರಳು ಚಿಕ್ಕ ಚೌಕದ ತುಂಡು. ಕೋಶಗಳು ಇನ್ನೂ ಒಡೆಯದೆ ಉದ್ದುದ್ದ ಕಡ್ಡಿಗಳ ಹಾಗೇ ಇದ್ದರೆ ನೀವು ಬೇಗ ಕೊಯ್ಲು ಮಾಡಿದ್ದೀರಿ. ಇನ್ನೂ ಒಂದು ದಿನ ಬಿಟ್ಟು ನೋಡಿ. ಹರಳೇ ಕಾಣದಿದ್ದರೆ ತಳಿ ತನ್ನ ಪ್ಲಾಸ್ಮಿಡ್ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಡಿಎನ್‌ಎ ತುಂಡು) ಕಳೆದುಕೊಂಡಿರಬಹುದು. ಹರಳಿನ ಜೀನ್‌ಗಳು ಹೆಚ್ಚಾಗಿ ಇರುವುದು ದೊಡ್ಡ ಪ್ಲಾಸ್ಮಿಡ್‌ಗಳಲ್ಲಿ, ಮತ್ತೆ ಮತ್ತೆ ಬೆಳೆಸುತ್ತಾ ಹೋದರೆ ಅವು ಕಳಚಿಹೋಗುವುದುಂಟು. ಆಗ ಹಳೆಯ ಫ್ರೀಜರ್ ಸ್ಟಾಕ್‌ಗೆ ಹೋಗುವುದೊಂದೇ ದಾರಿ.

ಅಂಕಿ ಕಡಿಮೆ ಬರುತ್ತಿದೆ

ಒಮ್ಮೆ ನಾನು ಎರಡು ವಾರ ಎಲಿಸಾ ಪ್ಲೇಟ್‌ಗಳ ಹಿಂದೆ ಬಿದ್ದಿದ್ದೆ. ತೊಳೆಯುವ ಬಫರ್ ಬದಲಾಯಿಸಿದೆ, ಹೊಸ ಆ್ಯಂಟಿಬಾಡಿ ತೆಗೆದೆ, ಪಿಪೆಟ್ ತೂಕ ಮಾಡಿ ಪರೀಕ್ಷಿಸಿದೆ. ಅಂಕಿ ಏರಲೇ ಇಲ್ಲ. ಒಂದು ದಿನ ನಮ್ಮ ಹಿರಿಯ ಮೇಡಂ ಬಂದು ಸೆಂಟ್ರಿಫ್ಯೂಜ್‌ನಿಂದ ತೆಗೆದ ಟ್ಯೂಬನ್ನು ಬೆಳಕಿಗೆ ಹಿಡಿದರು.

"ತಳದಲ್ಲಿ ಬೆಳ್ಳಗೆ ಕೂತಿದೆಯಲ್ಲಾ, ಅದೇನು?"

"ಬೀಜಕಣ, ಮೇಡಂ."

"ಬೀಜಕಣ ಅಂತ ನೋಡಿದ್ದೀಯಾ, ಸುಮ್ನೆ ಅಂದ್ಕೊಂಡಿದ್ದೀಯಾ?"

ನೋಡಿರಲಿಲ್ಲ. ಆ ಬಿಳಿ ಗಸಿಯನ್ನು ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದಾಗ 130 ಕಿಲೋಡಾಲ್ಟನ್ನಿನ ಬಳಿ ಬೆರಳಿನಷ್ಟು ದಪ್ಪದ ಪಟ್ಟಿ ಕಂಡಿತು. ನಾನು ಹುಡುಕುತ್ತಿದ್ದ ವಿಷ ಅಷ್ಟೂ ದಿನ ಟ್ಯೂಬಿನ ತಳದಲ್ಲೇ ಇತ್ತು. ಮೇಲಿನ ತಿಳಿಯನ್ನು ಅಳೆದು ಗಸಿಯನ್ನು ಚೆಲ್ಲುತ್ತಿದ್ದೆ.

ಅಂದಿನಿಂದ ಅಂಕಿ ಕಡಿಮೆ ಅಂತ ಯಾರೇ ಬಂದರೂ ನಾನು ಮೊದಲು ಮಾಡಿಸುವುದು ಮೂರು ಲೇನ್‌ಗಳ ಜೆಲ್. ಕರಗಿಸುವ ಮುಂಚಿನ ಹರಳಿನ ಮಿಶ್ರಣದಿಂದ ಸ್ವಲ್ಪ ತೆಗೆದಿಡಿ, ಅದು ಒಟ್ಟು. ಕ್ಷಾರದಲ್ಲಿ ಕರಗಿಸಿ ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಬರುವ ತಿಳಿ ಎರಡನೆಯದು. ಉಳಿದ ಗಸಿಯನ್ನು ಒಮ್ಮೆ ತೊಳೆದು, ತಿಳಿ ಎಷ್ಟಿತ್ತೋ ಅಷ್ಟೇ ಬಫರ್‌ನಲ್ಲಿ ಕಲಸಿ, ಅದು ಮೂರನೆಯದು. ಮೂರಕ್ಕೂ ಹೊಸ ಡಿಟಿಟಿ (ಗಂಧಕದ ಕೊಂಡಿ ಬಿಡಿಸುವ ರಾಸಾಯನಿಕ) ಬೆರೆಸಿದ ಎಸ್‌ಡಿಎಸ್ ಡಿಟರ್ಜೆಂಟಿನ ಬಫರ್ ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ. ಕ್ಷಾರಕ್ಕೆ ಜಗ್ಗದ ಹರಳೂ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಲೇನಿಗೆ ಒಂದೇ ಪ್ರಮಾಣ ಹಾಕಿ, ಕ್ರೈ1ಕ್ಕಾದರೆ 8 ಅಥವಾ 10 ಪರ್ಸೆಂಟ್ ಜೆಲ್ ಸಾಕು. ಪ್ರಮಾಣಗಳನ್ನು ಸರಿಯಾಗಿ ಇಟ್ಟಿದ್ದರೆ ತಿಳಿಯ ಪಟ್ಟಿಯೂ ಗಸಿಯ ಪಟ್ಟಿಯೂ ಸೇರಿ ಒಟ್ಟಿನ ಪಟ್ಟಿಗೆ ಸಮವಾಗಬೇಕು. ಗಸಿಯಲ್ಲಿ ಹೆಚ್ಚಿದ್ದರೆ ಹರಳು ಕರಗಿಲ್ಲ. ಎರಡರಲ್ಲೂ ಇಲ್ಲದೆ ಒಟ್ಟಿನಲ್ಲಿ ಮಾತ್ರ ಇದ್ದರೆ ಯಾವುದೋ ಕಿಣ್ವ ಅದನ್ನು ತಿಂದುಹಾಕಿದೆ.

ಹರಳು ಯಾಕೆ ಕರಗುವುದಿಲ್ಲ? ಕಾರಣ ಹೆಚ್ಚಾಗಿ ಡಿಟಿಟಿ. ಕ್ರೈ1 ಪ್ರೋಟಾಕ್ಸಿನ್‌ಗಳನ್ನು ಗಂಧಕದ ಕೊಂಡಿಗಳು ಬಿಗಿದಿಟ್ಟಿರುತ್ತವೆ, ಅವನ್ನು ಬಿಡಿಸಲು ಡಿಟಿಟಿ ಬೇಕು. ಸಾಮಾನ್ಯ ಪಾಕ 50 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್, ಪಿಎಚ್ 10ರಿಂದ 10.5, 10 ಮಿಲಿಮೋಲಾರ್ ಡಿಟಿಟಿ, 37 ಡಿಗ್ರಿಯಲ್ಲಿ ಒಂದೆರಡು ಗಂಟೆ. ಆದರೆ ಕ್ಷಾರದಲ್ಲಿ ಡಿಟಿಟಿ ಬಾಳುವುದು ಸ್ವಲ್ಪ ಹೊತ್ತು ಮಾತ್ರ. 20 ಡಿಗ್ರಿಯಲ್ಲಿ ಪಿಎಚ್ 6.5 ಇದ್ದರೆ ಅರ್ಧ ಹಾಳಾಗಲು 40 ಗಂಟೆ ಬೇಕು. ಪಿಎಚ್ 8.5ಕ್ಕೆ ಏರಿಸಿದರೆ ಒಂದೂವರೆ ಗಂಟೆಯೂ ಬೇಡ. ನಿಮ್ಮ ಬಫರ್ ಇರುವುದು 10ರಲ್ಲಿ! ನಿನ್ನೆ ಬೆರೆಸಿಟ್ಟ ಬಫರ್‌ನಲ್ಲಿ ಡಿಟಿಟಿ ಹೆಸರಿಗಷ್ಟೇ ಇರುತ್ತದೆ. ಪುಡಿಯಿಂದ ಅಥವಾ ಫ್ರೀಜರ್‌ನಲ್ಲಿಟ್ಟ ಚಿಕ್ಕ ಟ್ಯೂಬಿನಿಂದ, ಹರಳು ಹಾಕುವ ಹೊತ್ತಿಗೇ ಬೆರೆಸಿ.

ಎರಡನೆಯದು ಪಿಎಚ್. ಕಾರ್ಬೊನೇಟ್ ಬಫರ್ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಎಚ್ ಮೆಲ್ಲಗೆ ಇಳಿಯುತ್ತದೆ. ಹರಳನ್ನು ಸರಿಯಾಗಿ ತೊಳೆಯದಿದ್ದರೆ ಉಳಿದ ಮಾಧ್ಯಮವೂ ಇಳಿಸುತ್ತದೆ. ಬಾಟಲಿ ಮೇಲಿನ ಚೀಟಿ ನಂಬಬೇಡಿ. ಹರಳು ಹಾಕಿದ ಮೇಲೆ ಒಂದು ಹನಿಯನ್ನು ಪಿಎಚ್ ಪಟ್ಟಿಗೆ ಮುಟ್ಟಿಸಿ. ಕ್ರೈ2 ಹರಳಾದರೆ ಪಿಎಚ್ 10ಕ್ಕೆ ಸರಿಯಾಗಿ ಬಗ್ಗುವುದಿಲ್ಲ, 12ರ ಹತ್ತಿರ ಬೇಕಾಗುತ್ತದೆ. ಒಂದೇ ತಳಿಯಲ್ಲಿ ಎರಡೂ ಬಗೆಯ ಹರಳು ಇರುವುದು ಸಾಮಾನ್ಯ. ಆಗ ನಿಮ್ಮ ಬಫರ್ ಒಂದನ್ನು ಕರಗಿಸಿ ಇನ್ನೊಂದನ್ನು ಗಸಿಯಲ್ಲಿ ಬಿಟ್ಟಿರುತ್ತದೆ. ಜೆಲ್‌ನಲ್ಲಿ ಸುಮಾರು 65–70ರ ಬಳಿ ಇರುವ ಪಟ್ಟಿಯನ್ನೂ ಗಮನಿಸಿ.

ಇನ್ನು ಎಲ್ಲರೂ ಜಾರಿಬೀಳುವ ಒಂದು ಜಾಗ. ಹರಳು ಚೆನ್ನಾಗಿ ಕರಗಿದೆ, ತಿಳಿ ಸ್ಪಷ್ಟವಾಗಿದೆ. ಅದನ್ನು ಎಲಿಸಾಗೆ ಅಂತ ಪಿಎಚ್ 7.4ರ ಫಾಸ್ಫೇಟ್ ಬಫರ್‌ಗೆ ಸುರಿದು ಹತ್ತು ಪಟ್ಟು ತೆಳು ಮಾಡಿದಿರಿ. ಪ್ರೋಟಾಕ್ಸಿನ್‌ಗೆ ತಟಸ್ಥ ಪಿಎಚ್‌ನಲ್ಲಿ ಕರಗಿರಲು ಇಷ್ಟವಿಲ್ಲ. ಕೆಲವು ನಿಮಿಷಗಳಲ್ಲಿ ಮಂಜಿನಂಥ ಮಸುಕು ಏಳುತ್ತದೆ, ಆಮೇಲೆ ತಳಕ್ಕೆ ಇಳಿಯುತ್ತದೆ. ನೀವು ಪಿಪೆಟ್ ಅದ್ದಿದ್ದು ಮೇಲ್ಭಾಗಕ್ಕಾದರೆ ಒಂದು ಅಂಕಿ, ತಳಕ್ಕಾದರೆ ಇನ್ನೊಂದು. ಒಂದೇ ಮಾದರಿಯ ಮೂರು ವೆಲ್‌ಗಳು (ಎಲಿಸಾ ಪ್ಲೇಟಿನ ಗುಳಿಗಳು) ಮೂರು ದಾರಿ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಮೊದಲ ಕೆಲವು ಹಂತಗಳನ್ನು ಕ್ಷಾರದ ಬಫರ್‌ನಲ್ಲೇ ತೆಳು ಮಾಡಿ. ಸಾಂದ್ರತೆ ತುಂಬಾ ಇಳಿದ ಮೇಲೆ ಕೊನೆಯ ಹಂತವನ್ನು ಮಾತ್ರ ಟ್ವೀನ್ ಡಿಟರ್ಜೆಂಟ್ ಮತ್ತು ಸ್ವಲ್ಪ ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೋಟೀನು) ಇರುವ ಬಫರ್‌ನಲ್ಲಿ ಮಾಡಿ. ಆ ಬಿಎಸ್‌ಎ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ನ್ಯಾನೊಗ್ರಾಂ ಮಟ್ಟದಲ್ಲಿ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿ ಮಾಯವಾಗುತ್ತದೆ, ಅದನ್ನು ಬಿಎಸ್‌ಎ ತಡೆಯುತ್ತದೆ.

ಜೆಲ್‌ನಲ್ಲಿ 130 ಇಲ್ಲ, ಕೆಳಗೆಲ್ಲ ಏಣಿ

130ರ ಪಟ್ಟಿ ಮಸುಕಾಗಿ ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು ಕಂಡರೆ ಬ್ಯಾಕ್ಟೀರಿಯದ ಸ್ವಂತ ಕಿಣ್ವಗಳೇ ಕತ್ತರಿ ಆಡಿಸಿವೆ. ಅವು ಬೀಜಕಣಕ್ಕೂ ಹರಳಿಗೂ ಅಂಟಿಕೊಂಡೇ ಬರುತ್ತವೆ, 37 ಡಿಗ್ರಿಯ ಕ್ಷಾರದಲ್ಲಿ ಅವಕ್ಕೆ ಹಬ್ಬ. ಕರಗಿಸುವ ಮೊದಲು 1 ಮೋಲಾರ್ ಉಪ್ಪು ಮತ್ತು 0.1 ಪರ್ಸೆಂಟ್ ಟ್ರೈಟನ್ ಡಿಟರ್ಜೆಂಟ್ ಹಾಕಿದ ನೀರಿನಲ್ಲಿ ಎರಡು ಮೂರು ಸಲ, ಆಮೇಲೆ ತಣ್ಣನೆಯ ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕೊನೆಯ ತೊಳೆತ ಬಿಟ್ಟರೆ ಟ್ರೈಟನ್ ಉಳಿದು ಬ್ರಾಡ್‌ಫರ್ಡ್ ಕೆಡಿಸುತ್ತದೆ.

ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್ ಹಾಕುತ್ತೇನಲ್ಲ ಅನ್ನಬಹುದು. ಅದು ಕೂಡ ನೀರಿನಲ್ಲಿ ಬೇಗ ಸಾಯುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7.5 ಇದ್ದರೆ ಅರ್ಧ ಹೋಗಲು ಸುಮಾರು 55 ನಿಮಿಷ, 8 ಇದ್ದರೆ 35 ನಿಮಿಷ. 10ರಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನು ಇದರಿಂದಲೇ ಊಹಿಸಿ. ಒಮ್ಮೆ ಹಾಕಿ ಮರೆಯಬೇಡಿ, ನಡುವೆ ಮತ್ತೆ ಹಾಕಿ. ಕೈಗವಸು ಕಡ್ಡಾಯ, ಅದು ನಮಗೂ ವಿಷ. ಎಲ್ಲ ಕಿಣ್ವಗಳೂ ಅದಕ್ಕೆ ಜಗ್ಗುವುದಿಲ್ಲ. ಲೋಹ ಬೇಡುವ ಕಿಣ್ವಗಳಿಗೆ ಆ ಲೋಹವನ್ನು ಹಿಡಿದಿಡುವ ಇಡಿಟಿಎ ಬೇಕು.

ಅಂಕಿ ಜಾಸ್ತಿ ಬರುತ್ತಿದೆ

ಇದು ಸುಲಭ. ಬೀಜಕಣದ ಪ್ರೋಟೀನು ಸೇರಿಕೊಂಡಿದೆ, ಇಲ್ಲವೇ ಯಾವುದೋ ರಾಸಾಯನಿಕ ಪ್ರೋಟೀನಿನ ವೇಷ ಹಾಕಿದೆ.

ಬಿಸಿಎ ಅಥವಾ ಲೌರಿ ಅನ್ನುವ ಬೇರೆ ಪ್ರೋಟೀನ್ ಪರೀಕ್ಷೆ ಬಳಸುತ್ತಿದ್ದರೆ ಡಿಟಿಟಿಯೇ ಬಣ್ಣ ಕೊಡುತ್ತದೆ. ಪ್ರೋಟೀನಿಲ್ಲದ ಬಫರ್ ಕೂಡ ಗಾಢ ಬಣ್ಣಕ್ಕೆ ತಿರುಗುತ್ತದೆ. ಈ ಮಾದರಿಗೆ ಅವು ಬೇಡ. ಬ್ರಾಡ್‌ಫರ್ಡ್ ಡಿಟಿಟಿಯನ್ನು ತಡೆದುಕೊಳ್ಳುತ್ತದೆ, ಆದರೆ ಎಸ್‌ಡಿಎಸ್, ಟ್ರೈಟನ್‌ನಂಥ ಡಿಟರ್ಜೆಂಟ್‌ಗಳನ್ನು, ಗಟ್ಟಿ ಕ್ಷಾರವನ್ನು ಸಹಿಸುವುದಿಲ್ಲ. ಬ್ಲಾಂಕ್‌ಗೆ (ಪ್ರೋಟೀನಿಲ್ಲದ ಹೋಲಿಕೆ ಮಾದರಿಗೆ) ನೀರು ಹಾಕಬೇಡಿ, ಅದೇ ಕಾರ್ಬೊನೇಟ್ ಬಫರ್ ಹಾಕಿ, ಸ್ಟ್ಯಾಂಡರ್ಡ್‌ಗಳನ್ನೂ (ಪ್ರಮಾಣ ಗೊತ್ತಿರುವ ಮಾದರಿಗಳನ್ನೂ) ಅದರಲ್ಲೇ ಮಾಡಿ. ಇನ್ನೊಂದು ವಿಷಯ: ಬ್ರಾಡ್‌ಫರ್ಡ್‌ನಲ್ಲಿ ಬಿಎಸ್‌ಎ ಬೇರೆ ಹಲವು ಪ್ರೋಟೀನುಗಳಿಗಿಂತ ಜಾಸ್ತಿ ಬಣ್ಣ ಕೊಡುತ್ತದೆ. ಹಾಗಾಗಿ ಬಿಎಸ್‌ಎ ಸ್ಟ್ಯಾಂಡರ್ಡ್ ಇಟ್ಟರೆ ನಿಮ್ಮ ಪ್ರೋಟೀನಿನ ಅಂಕಿ ನಿಜಕ್ಕಿಂತ ಕಡಿಮೆ ಬರುವ ಸಾಧ್ಯತೆ ಇದೆ. ಸ್ಟ್ಯಾಂಡರ್ಡ್ ಯಾವುದು ಅಂತ ಬರೆಯದ ಅಂಕಿಯನ್ನು ಬೇರೆ ಪ್ರಯೋಗಾಲಯದ ಅಂಕಿಯ ಪಕ್ಕ ಇಟ್ಟು ನೋಡಲು ಆಗುವುದಿಲ್ಲ.

ಮಾದರಿ 280 ನ್ಯಾನೊಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಸುಮ್ನೆ ಓದಿಬಿಡುವವರಿಗೆ ಎರಡು ಬಲೆಗಳಿವೆ. ಹಳಸಿದ ಡಿಟಿಟಿ 280ರಲ್ಲಿ ಬೆಳಕು ಹೀರುತ್ತದೆ. ಕ್ರೈ1 ಹರಳಿನ ಜೊತೆ ಡಿಎನ್‌ಎಯೂ ಬರುತ್ತದೆ. 260ರ ಓದನ್ನು 280ರ ಓದಿನಿಂದ ಭಾಗಿಸಿ. ಶುದ್ಧ ಪ್ರೋಟೀನಾದರೆ 0.6ರ ಆಸುಪಾಸು ಬರಬೇಕು. 1 ದಾಟಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.

ಈ ಗೊಂದಲಗಳಲ್ಲಿ ನಾನು ಪಂಚಾಯ್ತಿಗೆ ಕೂರಿಸುವುದು ಜೆಲ್ಲನ್ನೇ. ಬಿಎಸ್‌ಎಯನ್ನು 0.25, 0.5, 1, 2 ಮೈಕ್ರೋಗ್ರಾಂ ಲೆಕ್ಕದಲ್ಲಿ ನಾಲ್ಕು ಲೇನ್‌ಗಳಲ್ಲಿ ಹಾಕಿ. ಪಕ್ಕದಲ್ಲಿ ಮಾದರಿಯನ್ನು ಎರಡು ಮೂರು ತೆಳುವುಗಳಲ್ಲಿ ಓಡಿಸಿ. 130ರ ಪಟ್ಟಿಯ ಗಾಢತೆ ಮಾತ್ರ ಅಳೆಯಿರಿ. ಬೀಜಕಣದ ಪ್ರೋಟೀನು ಬೇರೆ ಕಡೆ ಓಡಿರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಎಚ್ಚರ: ಪಟ್ಟಿ ತುಂಬಾ ಕಪ್ಪಾದರೆ ಚಿತ್ರದಲ್ಲಿ ಅದರ ಗಾಢತೆ ಮೇಲೇರುವುದು ನಿಂತುಹೋಗುತ್ತದೆ. ಮಾದರಿಯ ಪಟ್ಟಿ ನಿಮ್ಮ ನಾಲ್ಕು ಬಿಎಸ್‌ಎ ಪಟ್ಟಿಗಳ ನಡುವೆ ಬೀಳಲೇಬೇಕು.

ಎಲಿಸಾ ಹಟ ಹಿಡಿದರೆ

ಎರಡು ಆ್ಯಂಟಿಬಾಡಿಗಳ ನಡುವೆ ವಿಷವನ್ನು ಹಿಡಿಯುವ ಸ್ಯಾಂಡ್‌ವಿಚ್ ಎಲಿಸಾದಲ್ಲಿ ಮಾದರಿ ಅತಿ ಗಟ್ಟಿಯಿದ್ದರೂ ಅಂಕಿ ಕಡಿಮೆ ಬರುತ್ತದೆ. ತೊಳೆಯುವ ಹಂತವಿಲ್ಲದೆ ಮಾದರಿಯನ್ನೂ ಎರಡನೆಯ ಆ್ಯಂಟಿಬಾಡಿಯನ್ನೂ ಒಟ್ಟಿಗೇ ಹಾಕುವ ಕಿಟ್‌ಗಳಲ್ಲಿ ಇದು ಜಾಸ್ತಿ. ವಿಷ ಎರಡೂ ಆ್ಯಂಟಿಬಾಡಿಗಳನ್ನು ಬೇರೆ ಬೇರೆಯಾಗಿ ತುಂಬಿಬಿಡುತ್ತದೆ, ನಡುವೆ ಸೇತುವೆ ಕಟ್ಟುವುದೇ ಇಲ್ಲ. ಒಂದು ಉದಾಹರಣೆ ನೋಡಿ. ನೂರು ಪಟ್ಟು ತೆಳು ಮಾಡಿದ ಮಾದರಿ ಮಿಲಿಲೀಟರಿಗೆ 40 ನ್ಯಾನೊಗ್ರಾಂ ತೋರಿಸಿತು ಅನ್ನಿ, ಅಂದರೆ ಮೂಲದಲ್ಲಿ 4 ಮೈಕ್ರೋಗ್ರಾಂ. ಸಾವಿರ ಪಟ್ಟು ತೆಳು ಮಾಡಿದ್ದು 38 ತೋರಿಸಿತು, ಮೂಲದಲ್ಲಿ 38. ಹತ್ತು ಸಾವಿರ ಪಟ್ಟಿನದು 4 ತೋರಿಸಿತು, ಮೂಲದಲ್ಲಿ 40. ಮೊದಲನೆಯದನ್ನು ಮಾತ್ರ ನೋಡಿದ್ದರೆ ಹತ್ತರಲ್ಲಿ ಒಂದು ಪಾಲು ಬರೆದಿಡುತ್ತಿದ್ದಿರಿ. ಒಂದೇ ತೆಳುವಿನಲ್ಲಿ ಬಂದ ಎಲಿಸಾ ಅಂಕಿಯನ್ನು ನಾನು ಒಪ್ಪುವುದಿಲ್ಲ. ಕನಿಷ್ಠ ಮೂರು ಬೇಕು, ಅದರಲ್ಲಿ ಎರಡಾದರೂ ಒಂದೇ ಮೂಲ ಅಂಕಿ ಹೇಳಬೇಕು.

ಕಿಟ್‌ನ ಸ್ಟ್ಯಾಂಡರ್ಡ್ ಕತ್ತರಿಸಿದ ವಿಷವೋ ಪೂರ್ತಿ ಪ್ರೋಟಾಕ್ಸಿನ್ನೋ ಅಂತ ಕೇಳಿ ತಿಳಿದುಕೊಳ್ಳಿ. ಸ್ಟ್ಯಾಂಡರ್ಡ್ ಒಂದು, ಮಾದರಿ ಇನ್ನೊಂದು ಆದರೆ ತೂಕದ ಲೆಕ್ಕದಲ್ಲೇ ಎರಡು ಪಟ್ಟು ವ್ಯತ್ಯಾಸ ನುಸುಳುತ್ತದೆ. ಆ್ಯಂಟಿಬಾಡಿ ಎರಡನ್ನೂ ಒಂದೇ ರೀತಿ ಹಿಡಿಯದಿದ್ದರೆ ಇನ್ನೂ ಜಾಸ್ತಿ.

ಗೊತ್ತಿರುವಷ್ಟು ಶುದ್ಧ ವಿಷವನ್ನು ಮಾದರಿಗೆ ಬೆರೆಸಿ ಎಷ್ಟು ವಾಪಸ್ ಸಿಗುತ್ತದೆ ನೋಡಿ. 80ರಿಂದ 120 ಪರ್ಸೆಂಟ್ ಒಳಗೆ ಬಂದರೆ ಮಾದರಿಯಲ್ಲಿ ಅಡ್ಡಿ ಮಾಡುವಂಥದ್ದು ಹೆಚ್ಚಿಲ್ಲ. ಅದಕ್ಕಿಂತ ಇಳಿದರೆ ಡಿಟಿಟಿ ಮೇಲೆ ಅನುಮಾನ ಪಡಿ, ಅದು ಆ್ಯಂಟಿಬಾಡಿಯ ಕೊಂಡಿಗಳನ್ನೂ ಬಿಡಿಸಬಲ್ಲದು. ಪ್ಲೇಟ್ ಪೂರ್ತಿ ಬಣ್ಣವೇ ಬರದಿದ್ದರೆ ಬಫರ್‌ನಲ್ಲಿ ಸೋಡಿಯಂ ಅಜೈಡ್ ಇದೆಯಾ ನೋಡಿ. ಬೂಷ್ಟು ಬರದಿರಲಿ ಅಂತ ಯಾರೋ ಹಾಕಿಟ್ಟಿರುತ್ತಾರೆ, ಅದು ಎಲಿಸಾದಲ್ಲಿ ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವವನ್ನು ಕೊಲ್ಲುತ್ತದೆ. ಅಂಚಿನ ವೆಲ್‌ಗಳು ಮಾತ್ರ ಬೇರೆ ಓದಿದರೆ ಪ್ಲೇಟ್ ಮುಚ್ಚಿರಲಿಲ್ಲ, ಅಥವಾ ಫ್ರಿಜ್‌ನಿಂದ ತೆಗೆದ ತಕ್ಷಣ ಬಳಸಿದ್ದೀರಿ.

ಅಂಕಿ ಸರಿಯಿದೆ, ಹುಳು ಸಾಯುತ್ತಿಲ್ಲ

ಜೆಲ್ಲೂ ಎಲಿಸಾವೂ ಒಪ್ಪಿದ ಮೇಲೂ ಹುಳು ಆರಾಮಾಗಿ ತಿಂದುಕೊಂಡಿದ್ದರೆ, ಪ್ರೋಟೀನು ಇದೆ, ಅದರ ಕಸುವು ಹೋಗಿದೆ. ಬಿಸಿ ತಾಗಿರಬಹುದು, ಬಿಸಿಲು ಬಿದ್ದಿರಬಹುದು, ಹತ್ತು ಸಲ ಹೆಪ್ಪುಗಟ್ಟಿಸಿ ಕರಗಿಸಿರಬಹುದು. ಹುಳುವೇ ತಪ್ಪಾಗಿರುವುದೂ ಉಂಟು. ಕ್ರೈ1 ಮುಖ್ಯವಾಗಿ ಚಿಟ್ಟೆ, ಪತಂಗದ ಮರಿಹುಳುಗಳಿಗೆ, ಕ್ರೈ3 ಜೀರುಂಡೆಗಳಿಗೆ, ಇಸ್ರೇಲೆನ್ಸಿಸ್ ತಳಿಯ ವಿಷಗಳು ಸೊಳ್ಳೆಮರಿಗಳಿಗೆ.

ಹುಳುಗಳ ಪರೀಕ್ಷೆಯನ್ನು ಯಾವಾಗಲೂ ಸ್ಟ್ಯಾಂಡರ್ಡ್ ಪುಡಿಯ ಜೊತೆಯಲ್ಲೇ ಮಾಡಬೇಕು. ಸೊಳ್ಳೆಮರಿಗೆ ಐಪಿಎಸ್82 ಪುಡಿಯಿದೆ, ಈಡಿಸ್ ಈಜಿಪ್ಟೈ ಮರಿಗಳ ಮೇಲೆ ಅದಕ್ಕೆ ಮಿಲಿಗ್ರಾಂಗೆ 15,000 ಯೂನಿಟ್ ಅಂತ ನಿಗದಿ ಮಾಡಿದ್ದಾರೆ. ಸ್ಟ್ಯಾಂಡರ್ಡಿನ ಎಲ್‌ಸಿ50ಯನ್ನು (ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಸಾಂದ್ರತೆ) ನಿಮ್ಮ ಮಾದರಿಯ ಎಲ್‌ಸಿ50ಯಿಂದ ಭಾಗಿಸಿ 15,000ದಿಂದ ಗುಣಿಸಿದರೆ ನಿಮ್ಮ ಮಾದರಿಯ ಶಕ್ತಿ ಸಿಗುತ್ತದೆ. ಸ್ಟ್ಯಾಂಡರ್ಡೂ ಕೆಲಸ ಮಾಡದಿದ್ದರೆ ದೋಷ ಹುಳುಗಳಲ್ಲೋ ಅವುಗಳ ಆಹಾರದಲ್ಲೋ ಇದೆ. ವಿಷ ಹಾಕದ ಗುಂಪಿನಲ್ಲೇ 20 ಪರ್ಸೆಂಟಿಗಿಂತ ಹೆಚ್ಚು ಸತ್ತರೆ ಆ ದಿನದ ಪ್ರಯೋಗ ಬಿಟ್ಟುಬಿಡಿ.

ತಿರುವುಮುರುವು ಆದರೆ, ಅಂದರೆ ಪ್ರೋಟೀನು ಕಡಿಮೆಯಿದ್ದೂ ಹುಳುಗಳು ಲೆಕ್ಕಕ್ಕಿಂತ ಜಾಸ್ತಿ ಸತ್ತರೆ, ಖುಷಿ ಪಡುವ ಮೊದಲು ಬೆಳೆಸಿದ ಮಾಧ್ಯಮದ ತಿಳಿಯನ್ನು ಎರಡು ಪಾಲು ಮಾಡಿ. ಒಂದನ್ನು 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ, ಎರಡನ್ನೂ ಹುಳುಗಳಿಗೆ ಕೊಡಿ. ಬೇಯಿಸಿದ್ದೂ ಕೊಂದರೆ ಅದು ತುರಿಂಜಿಯೆನ್ಸಿನ್ ಇರಬಹುದು. ಅದು ಪ್ರೋಟೀನೇ ಅಲ್ಲ, ಅಡೆನಿನ್ ಇರುವ ಚಿಕ್ಕ ಅಣು, ಬಿಸಿಗೆ ಜಗ್ಗುವುದಿಲ್ಲ. ಬ್ರಾಡ್‌ಫರ್ಡ್‌ಗೂ ಎಲಿಸಾಗೂ ಕಾಣುವುದಿಲ್ಲ, ಅದಕ್ಕೆ 260 ನ್ಯಾನೊಮೀಟರಿನಲ್ಲಿ ನೋಡುವ ಎಚ್‌ಪಿಎಲ್‌ಸಿ (ದ್ರಾವಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಬೇಕು. ಬೇಯಿಸದ ಪಾಲು ಮಾತ್ರ ಕೊಂದರೆ ವಿಪ್3 ಕಡೆ ನೋಡಿ. ಬ್ಯಾಕ್ಟೀರಿಯ ಹೊರಕ್ಕೆ ಬಿಡುವ ಸುಮಾರು 88 ಕಿಲೋಡಾಲ್ಟನ್ನಿನ ಆ ಪ್ರೋಟೀನು ಹರಳಿನಲ್ಲಿ ಇರುವುದೇ ಇಲ್ಲ, ನಿಮ್ಮ ಗಸಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.